ಆಕಾಶ ಹತ್ತಿದರೂ ಬಿಡದ ಬಣ್ಣ

ಚೂಪು ಕಿವಿಯ ಗಂಡಸನ್ನು ನಂಬುತ್ತಾರೆ. ಹಸಿರು ಮೈಯ ಹೆಣ್ಣನ್ನು ನಂಬುತ್ತಾರೆ. ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯೊಂದರ ಒಳಗೆ ಅರಮನೆಯಷ್ಟು ಜಾಗವಿದೆ, ಅದರೊಳಗೆ ಹೊಕ್ಕರೆ ಹಿಂದಿನ ಶತಮಾನಕ್ಕೂ ಹೋಗಬಹುದು, ಮುಂದಿನದಕ್ಕೂ ಹೋಗಬಹುದು ಅಂದರೆ ಹೌದೌದು ಎಂದು ತಲೆಯಾಡಿಸುತ್ತಾರೆ. ಮನುಷ್ಯನನ್ನು ಇಲ್ಲಿ ಕರಗಿಸಿ ಇನ್ನೊಂದು ಗ್ರಹದ ಮೇಲೆ ಮತ್ತೆ ಮೂಡಿಸಿದರೂ ಅವರಿಗೆ ತಕರಾರಿಲ್ಲ. ಆದರೆ ಆ ಅಂತರಿಕ್ಷದ ಹಡಗಿನ ನಾಯಕನ ಕುರ್ಚಿಯಲ್ಲಿ ಕಪ್ಪು ಹೆಂಗಸೊಬ್ಬಳು ಬಂದು ಕೂತಳೋ, "ಛೇ, ಇದು ನಂಬೋ ಹಾಗಿಲ್ಲ" ಎಂದು ಮೂಗು ಮುರಿಯುತ್ತಾರೆ.

ವೈಜ್ಞಾನಿಕ ಕಥೆಗಳ ಟಿ.ವಿ. ಧಾರಾವಾಹಿಗಳ ಅಭಿಮಾನಿಗಳೆಲ್ಲ ಹೀಗೇ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯವರು ಬೇಕಾದಷ್ಟು ಇದ್ದಾರೆ. ಆದರೆ ಸಂತೆಯಲ್ಲಿ ಕೂಗುವವನ ದನಿಯೇ ಕೇಳಿಸುವುದು ತಾನೇ? ಕೂಗಿನವರು ಹತ್ತು ಜನವಾದರೂ, ಸುಮ್ಮನಿರುವ ನೂರು ಜನ ಅವರಿಗೆ ಬೆಂಬಲ ಕೊಟ್ಟ ಹಾಗೆಯೇ ಆಗುತ್ತದೆ. ನನ್ನ ಜಗಳ ಕೂಗುವವರ ಜೊತೆಗಿಂತ ಹೆಚ್ಚಾಗಿ, "ನಮಗೆ ಬಣ್ಣದ ಭೇದ ಇಲ್ಲಪ್ಪ, ಆ ಪಾತ್ರ ಯಾಕೋ ಹಿಡಿಸಲಿಲ್ಲ, ಅಷ್ಟೇ" ಎನ್ನುವ ಸಭ್ಯರ ಜೊತೆಗೆ.

ಈ ಟೀಚರಮ್ಮನಿಗೇಕೆ ಅಮೆರಿಕದವರ ಅಂತರಿಕ್ಷದ ಉಸಾಬರಿ ಎಂದು ನೀವು ಕೇಳಬಹುದು. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ 'ಸ್ಟಾರ್ ಟ್ರೆಕ್' ಬರುತ್ತಿದ್ದಾಗ ನಾನು ಹೈಸ್ಕೂಲಿನ ಹುಡುಗಿ. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿತ್ತು. ಕಿವಿಗೆ ಏನೋ ಸಿಕ್ಕಿಸಿಕೊಂಡು ಕೆಂಪು ಉಡುಪಿನಲ್ಲಿ ಕೂತಿರುತ್ತಿದ್ದ ಆ ಕಪ್ಪು ಹೆಂಗಸು ಮಾತ್ರ ಚೆನ್ನಾಗಿ ನೆನಪಿದೆ. ಈಗ ಅದೇ ಬಗೆಯ ಧಾರಾವಾಹಿಗಳನ್ನು ನನ್ನ ತಂಗಿಯ ಮಗಳು ಫೋನಿನಲ್ಲಿ ನೋಡುತ್ತಾಳೆ. ಹೊಸ ಸ್ಟಾರ್ ಟ್ರೆಕ್‌ನ ನಾಯಕಿಯ ಬಗ್ಗೆ ಕೇಳಿದರೆ, "ದೊಡ್ಡಮ್ಮ, ಅವಳು ಯಾವಾಗ್ಲೂ ಅಳ್ತಾನೇ ಇರ್ತಾಳೆ. ಯಾರಿಗೂ ಇಷ್ಟ ಇಲ್ಲ" ಅಂದಳು. "ಯಾರಿಗೂ ಅಂದ್ರೆ ಯಾರಿಗೆ? ನಿನಗೋ?" ಅಂದೆ. ಅವಳು ಇನ್ನೂ ನೋಡಿಯೇ ಇರಲಿಲ್ಲ! ಯಾರೋ ಹೇಳಿದ್ದನ್ನು ಕೇಳಿ ಒಪ್ಪಿಕೊಂಡಿದ್ದಳು. ಬಣ್ಣದ ತಿರಸ್ಕಾರ ಹರಡುವ ರೀತಿಯೇ ಇದು. ಯಾರೂ ಬಾಯಿಬಿಟ್ಟು ಬಣ್ಣ ಅನ್ನುವುದಿಲ್ಲ. "ಅಳುತ್ತಾಳೆ" ಅನ್ನುತ್ತಾರೆ, "ಜಂಬ" ಅನ್ನುತ್ತಾರೆ, "ಅವಳಿಗೆ ಅಷ್ಟು ಯೋಗ್ಯತೆ ಇಲ್ಲ" ಅನ್ನುತ್ತಾರೆ.

ಮೊದಲಿಂದ ಹೇಳುತ್ತೇನೆ. 'ಸ್ಟಾರ್ ಟ್ರೆಕ್' ಅಮೆರಿಕದಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ಕರಿಯರಿಗೆ ಸಮಾನ ಹಕ್ಕು ಕೊಡುವ ನಾಗರಿಕ ಹಕ್ಕುಗಳ ಕಾಯಿದೆ ಬಂದು ಆಗಿನ್ನೂ ಎರಡು ವರ್ಷ. ಬಿಳಿಯರೂ ಕರಿಯರೂ ಮದುವೆಯಾಗುವುದನ್ನು ಹಲವು ರಾಜ್ಯಗಳ ಕಾನೂನು ಇನ್ನೂ ತಡೆಯುತ್ತಿತ್ತು. ಅಲ್ಲಿಯ ಸುಪ್ರೀಂ ಕೋರ್ಟ್ ಅವನ್ನು ಹೊಡೆದುಹಾಕಿದ್ದು 1967ರಲ್ಲಿ. ಅಂಥ ಕಾಲದಲ್ಲಿ ನಿಶೆಲ್ ನಿಕೋಲ್ಸ್ ಎಂಬ ಕಪ್ಪು ನಟಿ ಅಂತರಿಕ್ಷದ ಹಡಗಿನಲ್ಲಿ ಲೆಫ್ಟಿನೆಂಟ್ ಉಹುರಾ ಎಂಬ ಅಧಿಕಾರಿಯಾಗಿ ಕೂತಳು. ಸ್ವಾಹಿಲಿ ಭಾಷೆಯಲ್ಲಿ 'ಉಹುರು' ಎಂದರೆ ಸ್ವಾತಂತ್ರ್ಯ. ಕಪ್ಪು ಹೆಂಗಸೆಂದರೆ ಅಡಿಗೆಯವಳು, ಆಯಾ, ಕೆಲಸದವಳು ಎಂಬ ಪಾತ್ರಗಳನ್ನೇ ನೋಡಿದ್ದ ಜನಕ್ಕೆ ಇದು ಸಣ್ಣ ಸಂಗತಿಯಲ್ಲ. ಊಪಿ ಗೋಲ್ಡ್‌ಬರ್ಗ್ ಎಂಬ ನಟಿ ಚಿಕ್ಕ ಹುಡುಗಿಯಾಗಿದ್ದಾಗ ಇದನ್ನು ಕಂಡು, ಟಿ.ವಿ.ಯಲ್ಲಿ ಒಬ್ಬ ಕಪ್ಪು ಹೆಂಗಸಿದ್ದಾಳೆ, ಅವಳು ಕೆಲಸದವಳಲ್ಲ ಎಂದು ಮನೆಯವರನ್ನು ಕೂಗಿ ಕರೆದದ್ದನ್ನು ಹೇಳಿಕೊಂಡಿದ್ದಾಳೆ. ಮುಂದೆ 1988ರಲ್ಲಿ ಅವಳೂ ಸ್ಟಾರ್ ಟ್ರೆಕ್‌ನ ಹೊಸ ಧಾರಾವಾಹಿಯಲ್ಲಿ ಪಾತ್ರ ಮಾಡಿದಳು.

ಆದರೆ ನಿಕೋಲ್ಸ್‌ಗೆ ಸಿಕ್ಕ ಮರ್ಯಾದೆ ಎಷ್ಟು? ಮಾತುಗಳು ಚಿತ್ರೀಕರಣದ ಹೊತ್ತಿಗೆ ಕಡಿಮೆಯಾಗುತ್ತಿದ್ದವು. ಅಭಿಮಾನಿಗಳು ಬರೆದ ಪತ್ರಗಳನ್ನು ತನಗೆ ಕೊಡದೆ ಸ್ಟುಡಿಯೋದಲ್ಲೇ ತಡೆಹಿಡಿದಿದ್ದರು ಎಂದು ಆಕೆ 1994ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಮೊದಲ ವರ್ಷ ಮುಗಿದ ಮೇಲೆ ಸಾಕು ಎಂದು ರಾಜೀನಾಮೆ ಕೊಟ್ಟಳು. ಆಗ ಸಮಾರಂಭವೊಂದರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕಿ, ತಾನು ಅವಳ ಅಭಿಮಾನಿ ಎಂದು ಹೇಳಿ, ಬಿಡಬೇಡ, ಜನ ನಮ್ಮನ್ನು ಹೇಗೆ ಕಾಣಬೇಕೋ ಹಾಗೆ ನಿನ್ನಿಂದಾಗಿ ಕಾಣುತ್ತಿದ್ದಾರೆ ಎಂಬರ್ಥದ ಮಾತಾಡಿದರಂತೆ. ಆಕೆ ಉಳಿದಳು. 1977ರಿಂದ ನಾಸಾ ಸಂಸ್ಥೆಗೆ ಹೆಂಗಸರನ್ನೂ ಬಿಳಿಯರಲ್ಲದವರನ್ನೂ ಗಗನಯಾತ್ರಿಗಳಾಗಲು ಕರೆಯುತ್ತ ಊರೂರು ತಿರುಗಿದಳು. 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕಪ್ಪು ಅಮೆರಿಕನ್ ಮಹಿಳೆ ಮೇ ಜೆಮಿಸನ್ ಕೂಡ ಉಹುರಾಳನ್ನು ನೋಡಿ ಬೆಳೆದವಳೇ. "ಕಥೆ ತಾನೇ, ಅದಕ್ಕೇನು ಇಷ್ಟು ರಂಪ" ಎನ್ನುವವರಿಗೆ ಇದೊಂದು ಉದಾಹರಣೆ ಸಾಕು.

ಇನ್ನೊಂದು ವಿಷಯ ಕೇಳಿ. ಕಥೆಯಲ್ಲಿ ನಾಯಕನಿಗೆ ಜೇಮ್ಸ್ ಕರ್ಕ್ ಎಂದು ಪೂರ್ತಿ ಹೆಸರಿದೆ. ಉಹುರಾಗೆ ಬರಿಯ ಉಹುರಾ. ಅವಳ ಮೊದಲ ಹೆಸರು 'ನ್ಯೋಟಾ' ಎಂದು ತೆರೆಯ ಮೇಲೆ ಕೇಳಿಸಿದ್ದು 2009ರ ಸಿನಿಮಾದಲ್ಲಿ. ನಲವತ್ಮೂರು ವರ್ಷ! ನನ್ನ ತರಗತಿಯಲ್ಲಿ ಮಗುವೊಂದನ್ನು ಒಂದು ವರ್ಷ ಹೆಸರು ಕೇಳದೆ ಕೂರಿಸಿದರೆ ಅದರ ತಾಯಿ ನನ್ನನ್ನು ಬಿಡುತ್ತಾಳೆಯೇ?

ಇಷ್ಟು ಮಾಡಿದವರು ಧಾರಾವಾಹಿ ತೆಗೆದವರು. ಇನ್ನು ನೋಡಿದವರ ವಿಚಾರಕ್ಕೆ ಬರೋಣ. ಈ ಅಭಿಮಾನಿ ಬಳಗವನ್ನು ಕಟ್ಟಿದವರಲ್ಲಿ ಹೆಂಗಸರದೇ ದೊಡ್ಡ ಪಾಲು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1967ರಲ್ಲೇ ಇಬ್ಬರು ಹೆಂಗಸರು 'ಸ್ಪಾಕನೇಲಿಯ' ಎಂಬ ಅಭಿಮಾನಿ ಪತ್ರಿಕೆ ಹೊರಡಿಸಿದ್ದರು. ಧಾರಾವಾಹಿಯನ್ನು ನಿಲ್ಲಿಸಬಾರದೆಂದು ಪತ್ರ ಚಳವಳಿ ನಡೆಸಿದವರಲ್ಲಿ ಮುಂದಾಳು ಬ್ಯೋ ಟ್ರಿಂಬಲ್ ಎಂಬ ಗೃಹಿಣಿ. ಇವರೆಲ್ಲ ಮನೆಗೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ, ಕೂತು ಕಥೆ ಬರೆದವರು. ನಮ್ಮ ಕಡೆ ಹೆಂಗಸರು ಮಾಸಪತ್ರಿಕೆಗೆ ಬರೆದ ಹಾಗೆಯೇ ಎನ್ನಿ.

ಆ ಬಳಗದಿಂದಲೇ ಒಂದು ಬೈಗುಳವೂ ಹುಟ್ಟಿತು. 1973ರಲ್ಲಿ ಪಾಲಾ ಸ್ಮಿತ್ ಎಂಬಾಕೆ ಎಳೆಯ ಹುಡುಗಿಯರ ಕಥೆಗಳನ್ನು ಹಾಸ್ಯ ಮಾಡಿ ಒಂದು ಪುಟ್ಟ ಕಥೆ ಬರೆದಳು. ಅದರ ನಾಯಕಿ ಮೇರಿ ಸೂ, ವಯಸ್ಸು ಹದಿನೈದೂವರೆ, ಹಡಗುಪಡೆಯ ಅತಿ ಕಿರಿಯ ಲೆಫ್ಟಿನೆಂಟ್, ಎಲ್ಲದರಲ್ಲೂ ಗಟ್ಟಿಗಿತ್ತಿ. ತಮಾಷೆ ಚೆನ್ನಾಗಿತ್ತು. ಆದರೆ ಮುಂದೆ ಏನಾಯಿತು? ಯಾವ ಹೆಣ್ಣು ಪಾತ್ರ ಸ್ವಲ್ಪ ಜಾಣೆಯಾದರೂ "ಮೇರಿ ಸೂ" ಎಂದು ಎಸೆಯುವ ಕಲ್ಲಾಯಿತು. ಕುಡುಗೋಲು ಮಾಡಿದವಳು ಹುಲ್ಲು ಕೊಯ್ಯಲೆಂದು ಮಾಡಿದಳು. ಹಿಡಿದವರು ಹೆಣ್ಣುಮಕ್ಕಳ ಮೂಗು ಕೊಯ್ಯಲು ಬಳಸಿದರು. ಅದರಲ್ಲೂ ಹೆಣ್ಣು ಕಪ್ಪಾಗಿದ್ದರೆ ಕೈ ಇನ್ನಷ್ಟು ಚುರುಕು.

ಈಗ ಸಭ್ಯರ ಸಬೂಬುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: "ಅವಳು ಅದಕ್ಕೆ ಯೋಗ್ಯಳಲ್ಲ." 2017ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್: ಡಿಸ್ಕವರಿ'ಯಲ್ಲಿ ಸೊನೆಕ್ವಾ ಮಾರ್ಟಿನ್-ಗ್ರೀನ್ ಎಂಬ ಕಪ್ಪು ನಟಿ ಮೈಕಲ್ ಬರ್ನಮ್ ಎಂಬ ನಾಯಕಿ. ಕಥೆಯ ಆರಂಭದಲ್ಲಿ ಅವಳು ಹಡಗಿನ ಎರಡನೆಯ ದರ್ಜೆಯ ಅಧಿಕಾರಿ. ಮೇಲಧಿಕಾರಿಯ ಆಜ್ಞೆ ಮೀರುತ್ತಾಳೆ; ಅದಕ್ಕೆ ಜೀವಾವಧಿ ಶಿಕ್ಷೆಯಾಗುತ್ತದೆ. ಪದವಿ ಹೋಗಿ ಕೈದಿಯಾಗಿ, ಮತ್ತೆ ಒಂದೊಂದೇ ಮೆಟ್ಟಿಲು ಹತ್ತಿ ಅವಳು ಕ್ಯಾಪ್ಟನ್ ಆಗುವುದು ಮೂರನೆಯ ಸರಣಿಯ ಕೊನೆಯಲ್ಲಿ, 2021ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ 42 ಕಂತುಗಳು ಕಳೆದಿದ್ದವು. ಇನ್ನು 2009ರ ಸಿನಿಮಾದ ಕರ್ಕ್ ನೋಡಿ. ಪರೀಕ್ಷೆಯಲ್ಲಿ ಮೋಸ ಮಾಡಿ ಅಮಾನತಾದ ವಿದ್ಯಾರ್ಥಿ. ಗೆಳೆಯನ ಉಪಾಯದಿಂದ ಹಡಗು ಹತ್ತುತ್ತಾನೆ. ಎರಡು ಗಂಟೆಯ ಸಿನಿಮಾ ಮುಗಿಯುವಷ್ಟರಲ್ಲಿ ಅದೇ ಹಡಗಿಗೆ ಕ್ಯಾಪ್ಟನ್! ಅವನನ್ನು "ಧೀರ" ಎಂದರು. 42 ಕಂತು ಬೆವರು ಸುರಿಸಿದವಳನ್ನು "ಎಲ್ಲ ಅವಳಿಗೇ ಸುಲಭವಾಗಿ ಸಿಕ್ಕಿಬಿಡುತ್ತದೆ" ಎಂದರು. ಲೆಕ್ಕದ ಪುಸ್ತಕ ಒಂದೇ ಆಗಿದ್ದರೆ ಉತ್ತರ ಎರಡು ಹೇಗೆ ಬರುತ್ತದೆ?

ಎರಡನೆಯದು: "ಅಳುತ್ತಾಳೆ." 1990ರ ಒಂದು ಕಂತಿನಲ್ಲಿ ಕ್ಯಾಪ್ಟನ್ ಪಿಕಾರ್ಡ್ ತನ್ನ ಊರಿನ ದ್ರಾಕ್ಷಿ ತೋಟದ ಕೆಸರಿನಲ್ಲಿ, ಅಣ್ಣನ ಎದುರಿಗೆ ಬಿಕ್ಕಿ ಬಿಕ್ಕಿ ಅಳುತ್ತಾನೆ. ಅಭಿಮಾನಿಗಳು ಇಂದಿಗೂ ಆ ದೃಶ್ಯವನ್ನು ಕೊಂಡಾಡುತ್ತಾರೆ. ನಾನೂ ಕೊಂಡಾಡುತ್ತೇನೆ. ಬಿಳಿಯ ಗಂಡಸು ಅತ್ತರೆ ಆಳ, ಕಪ್ಪು ಹೆಂಗಸು ಅತ್ತರೆ ಅಸಹ್ಯ. ಅವಳು ಅಳದೆ ಬಿಗಿಯಾಗಿದ್ದರೆ ಇದೇ ಜನ "ಕಲ್ಲಿನಂಥವಳು, ಸಿಡುಕಿ" ಎನ್ನುತ್ತಿದ್ದರು. ಅತ್ತೆಯ ಮನೆಗೆ ಹೊಸದಾಗಿ ಬಂದ ಸೊಸೆಯ ಪಾಡು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಮಾತಾಡಿದರೆ ಬಾಯಿಬಡುಕಿ, ಸುಮ್ಮನಿದ್ದರೆ ಗುಮ್ಮನಗುಸುಕಿ.

ಮೂರನೆಯ ಸಬೂಬು ತುಂಬಾ ನಯವಾದದ್ದು, ಹೆಚ್ಚಾಗಿ ಓದಿದ ಹೆಂಗಸರೇ ಆಡುವಂಥದ್ದು: "ಅವಳು ಗಟ್ಟಿಗಿತ್ತಿ, ಅವಳಿಗೇಕೆ ಪ್ರೀತಿ ಪ್ರೇಮ? ಅದರಿಂದ ಪಾತ್ರದ ಘನತೆ ಕಡಿಮೆಯಾಯಿತು." 2009ರ ಸಿನಿಮಾದಲ್ಲಿ ಉಹುರಾಳೂ ಸ್ಪಾಕ್ ಎಂಬ ಚೂಪು ಕಿವಿಯವನೂ ಪ್ರೇಮಿಗಳೆಂದು ತೋರಿಸಿದಾಗ ಇಂಥ ಮಾತು ಬಹಳ ಕೇಳಿಬಂತು. ಹೆಣ್ಣಿನ ಬಾಳಿಗೆ ಗಂಡಿನ ಪ್ರೀತಿಯೇ ಗುರಿಯಲ್ಲ ಎಂಬುದನ್ನು ನಾನೂ ಮೂವತ್ತು ವರ್ಷದಿಂದ ಹುಡುಗಿಯರಿಗೆ ಹೇಳುತ್ತ ಬಂದವಳು. ಆದರೆ ಈ ವೇದಾಂತ ಕಪ್ಪು ಹೆಣ್ಣಿನ ಸರದಿ ಬಂದಾಗಲೇ ಏಕೆ ನೆನಪಾಗಬೇಕು? ಬಿಳಿಯ ನಾಯಕಿಯನ್ನು ನಾಯಕ ಪ್ರೀತಿಸಿದರೆ "ಕಥೆಯ ಜೀವ" ಎನ್ನುತ್ತೀರಿ.

ಇದರ ಹಿಂದೆ ದೊಡ್ಡ ಚರಿತ್ರೆಯಿದೆ. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಹೆಂಗಸು ಪರರ ಮಕ್ಕಳಿಗೆ ಹಾಲೂಡಿಸಿದಳು, ಪರರ ಹೊಲದಲ್ಲಿ ದುಡಿದಳು. ತನ್ನ ಮಕ್ಕಳನ್ನು ಮಾರಿದಾಗ ನೋಡುತ್ತ ನಿಲ್ಲಬೇಕಾಯಿತು. ಅವಳಿಗೆ ಗಟ್ಟಿಗಿತ್ತಿಯೆಂಬ ಬಿರುದು ಹೊಸದೇನಲ್ಲ, ಶತಮಾನಗಳಿಂದ ಕೊಟ್ಟದ್ದೇ ಅದು. 'ಗಾನ್ ವಿತ್ ದಿ ವಿಂಡ್' ಸಿನಿಮಾದಲ್ಲಿ ಅಂಥ ಗಟ್ಟಿ ಮನಸ್ಸಿನ ಆಯಾ ಪಾತ್ರಕ್ಕೆ ಹ್ಯಾಟಿ ಮೆಕ್‌ಡೇನಿಯಲ್ 1940ರಲ್ಲಿ ಆಸ್ಕರ್ ಪಡೆದಳು. ಆದರೆ ಆ ರಾತ್ರಿ ಅವಳು ಸಹನಟರ ಜೊತೆ ಕೂರುವಂತಿರಲಿಲ್ಲ, ಬೇರೆ ಮೇಜು. ದುಡಿಯುವವಳು, ತಾಳುವವಳು ಎಂದು ಹೊಗಳಿಸಿಕೊಂಡವಳಿಗೆ ಯಾರಾದರೂ ಮೃದುವಾಗಿ ಹೆಗಲ ಮೇಲೆ ಕೈಯಿಡುವುದೇ ಹೊಸದು. ಅವಳ ಬೇಡಿಕೆ ಅದೇ ಆಗಿರುವಾಗ, ಹೊಟ್ಟೆ ತುಂಬಿದವಳು ಹಸಿದವಳಿಗೆ ಉಪವಾಸದ ಮಹಿಮೆ ಹೇಳಬಾರದು.

ನಾಲ್ಕನೆಯದು: "ಮೂಲದಲ್ಲಿ ಹಾಗಿರಲಿಲ್ಲ." 2018ರಲ್ಲಿ 'ಟೈಟನ್ಸ್' ಎಂಬ ಧಾರಾವಾಹಿಯಲ್ಲಿ ಸ್ಟಾರ್‌ಫೈರ್ ಪಾತ್ರಕ್ಕೆ ಆ್ಯನಾ ಡಿಯೋಪ್ ಎಂಬ ಕಪ್ಪು ನಟಿ ಬಂದಾಗ, ಅವಳ ಮೇಲೆ ಹರಿದ ಕೊಳಕು ಮಾತುಗಳಿಗೆ ಅವಳು ಅಭಿಪ್ರಾಯದ ಬಾಗಿಲನ್ನೇ ಮುಚ್ಚಬೇಕಾಯಿತು. ಮೂಲ ಚಿತ್ರಕಥೆಯಲ್ಲಿ ಸ್ಟಾರ್‌ಫೈರ್ ಬಿಳಿಯಳೇ? ಅಲ್ಲ. ಕಿತ್ತಳೆ ಹಣ್ಣಿನ ಬಣ್ಣದ ಪರಗ್ರಹದವಳು! ಬಿಳಿಯಳು ಮೈಗೆ ಬಣ್ಣ ಬಳಿದುಕೊಂಡರೆ ಮೂಲಕ್ಕೆ ನಿಷ್ಠೆ, ಕಪ್ಪಗಿರುವವಳು ಮಾಡಿದರೆ ಅಪಚಾರ. ಮೂಲದ ಮೇಲೆ ಅಷ್ಟು ನಿಷ್ಠೆಯಿದ್ದವರು ನಮ್ಮವರ ವಿಷಯದಲ್ಲಿ ಎಲ್ಲಿದ್ದರು? 1967ರ ಒಂದು ಕಂತಿನಲ್ಲಿ ಖಾನ್ ನೂನಿಯನ್ ಸಿಂಗ್ ಎಂಬ ಖಳನಾಯಕ ಬರುತ್ತಾನೆ; ಉತ್ತರ ಭಾರತದ ಸಿಖ್ಖನಿರಬಹುದು ಎನ್ನುತ್ತದೆ ಕಥೆ. ಪಾತ್ರ ಮಾಡಿದವನು ಮೆಕ್ಸಿಕೋದವನು. 2013ರಲ್ಲಿ ಅದೇ ಪಾತ್ರಕ್ಕೆ ಇಂಗ್ಲೆಂಡಿನ ಬಿಳಿಯ ನಟ. ಹೆಸರು ಮಾತ್ರ ನಮ್ಮದು.

ಇಂಗ್ಲೆಂಡಿನ 'ಡಾಕ್ಟರ್ ಹೂ' ಧಾರಾವಾಹಿಯ ಕಥೆ ಬೇರೆಯಲ್ಲ. 1963ರಲ್ಲಿ ಅದರ ಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌನಲ್ಲಿ ಹುಟ್ಟಿದ ವಾರಿಸ್ ಹುಸೇನ್, ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಎಂಬ ತರುಣಿ. ಕಂದು ಬಣ್ಣದ ಗಂಡಸೂ ಒಬ್ಬ ಹೆಂಗಸೂ ಸೇರಿ ಹಚ್ಚಿದ ದೀಪ ಅದು. ಆದರೂ ಕಾಲದಲ್ಲಿ ಅಲೆಯುವ ಆ ಡಾಕ್ಟರನ ಜೊತೆಗಾತಿಯಾಗಿ ಕಪ್ಪು ಹುಡುಗಿಯೊಬ್ಬಳು ಕಾಯಮ್ಮಾಗಿ ಬಂದದ್ದು 2007ರಲ್ಲಿ, ಫ್ರೀಮಾ ಅಜೆಮನ್ ಮಾಡಿದ ಮಾರ್ಥಾ ಜೋನ್ಸ್. ವೈದ್ಯಕೀಯ ಓದುತ್ತಿರುವ ಹುಡುಗಿ. ಅವಳಿಗೆ ಮುಂಚೆ ಇದ್ದ ರೋಸ್ ಎಂಬ ಬಿಳಿಯ ಹುಡುಗಿ ಡಾಕ್ಟರನನ್ನು ಪ್ರೀತಿಸಿದ್ದು ಅಮರ ಪ್ರೇಮವಾಯಿತು. ಮಾರ್ಥಾ ಪ್ರೀತಿಸಿದ್ದು ಹಲವರಿಗೆ "ಹಿಂದೆ ಬೀಳುವುದು" ಆಯಿತು.

ಇಲ್ಲಿ ಕಥೆ ಬರೆದವರನ್ನೂ ಬಿಡುವ ಹಾಗಿಲ್ಲ. ಒಂದು ಕಥೆಯಲ್ಲಿ ಡಾಕ್ಟರ್ ತಾನು ಯಾರೆಂಬುದನ್ನು ಮರೆತು 1913ರ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿರುತ್ತಾನೆ. ಅವನನ್ನು ಕಾಯಲು ಮಾರ್ಥಾ ಅಲ್ಲಿ ನೆಲ ಒರೆಸುವ ಕೆಲಸದವಳಾಗುತ್ತಾಳೆ. ಅವಳ ಕೈಯ ಬಣ್ಣ ನೋಡಿ ಹುಡುಗರು ಗೇಲಿ ಮಾಡುತ್ತಾರೆ. ನಿನ್ನಂಥ ಬಣ್ಣದವಳು ಡಾಕ್ಟರಾಗುವುದುಂಟೆ ಎಂದು ಅಲ್ಲಿಯ ನರ್ಸು ನಂಬದಿದ್ದಾಗ, ಮಾರ್ಥಾ ತನ್ನ ಕೈಯ ಮೂಳೆಗಳ ಹೆಸರುಗಳನ್ನು ಒಂದಾದ ಮೇಲೊಂದರಂತೆ ಹೇಳುತ್ತಾಳೆ. ಗೇಲಿ ಮಾಡಿಸಿಕೊಂಡ ಅದೇ ಕೈ! ನನಗೆ ಈ ದೃಶ್ಯ ನೋಡಿ ಮೈ ಜುಮ್ಮೆಂದಿತು. ಆದರೆ ಕೇಳಲೇಬೇಕು: ಆ ಸರಣಿ ಮುಗಿಯುವ ಹೊತ್ತಿಗೆ ಅವಳ ಅಪ್ಪ, ಅಮ್ಮ, ಸಹೋದರಿ ಎಲ್ಲರೂ ಖಳನ ಮನೆಯ ಆಳುಗಳಾಗಿರುತ್ತಾರೆ. ಭೂತ ಭವಿಷ್ಯಗಳನ್ನೆಲ್ಲ ತೆರೆದಿಟ್ಟರೂ ಕಪ್ಪು ಸಂಸಾರಕ್ಕೆ ಬರಹಗಾರರ ಕೈ ಮತ್ತೆ ಮತ್ತೆ ಹುಡುಕಿ ಕೊಟ್ಟದ್ದು ಅದೇ ಚಾಕರಿಯೇ? ಬಣ್ಣ ಬೇರೆಯವಳನ್ನು ತಂದು ನಿಲ್ಲಿಸಿದರೆ ಸಾಲದು. ಅವಳಿಗೆ ಏನು ಕೆಲಸ ಕೊಟ್ಟಿರಿ ಎಂಬುದನ್ನೂ ನೋಡಬೇಕು.

ಇದೆಲ್ಲದರ ಬೆಲೆ ತೆರುವವರು ಯಾರು? ಕಾಗದದ ಮೇಲಿನ ಪಾತ್ರವಲ್ಲ, ಉಸಿರಾಡುವ ಹೆಂಗಸು. 2022ರಲ್ಲಿ 'ಓಬಿ-ವಾನ್ ಕೆನೋಬಿ' ಬಂದ ಕೂಡಲೇ ಅದರ ನಟಿ ಮೋಸೆಸ್ ಇಂಗ್ರಾಮ್ ತನಗೆ ಬಂದ ಜನಾಂಗ ದ್ವೇಷದ ಸಂದೇಶಗಳನ್ನು ಹೊರಗೆ ತೋರಿಸಿದಳು. ಅಂಥವು ನೂರಾರು ಬಂದಿದ್ದವಂತೆ. ಆಗ ನಿರ್ಮಾಪಕರೂ ನಾಯಕನಟ ಯುವನ್ ಮೆಕ್‌ಗ್ರೆಗರ್ ಕೂಡ ಅವಳ ಬೆನ್ನಿಗೆ ಬಹಿರಂಗವಾಗಿ ನಿಂತರು. ಅದಕ್ಕೂ ಮುಂಚೆ, 2014ರಲ್ಲಿ ಶುರುವಾದ 'ದಿ ಫ್ಲ್ಯಾಶ್'ನಲ್ಲಿ ನಾಯಕನ ಪ್ರೇಯಸಿಯಾಗಿದ್ದ ಕ್ಯಾಂಡಿಸ್ ಪ್ಯಾಟನ್‌ಗೆ ಆ ಭಾಗ್ಯವಿರಲಿಲ್ಲ. ಎರಡನೆಯ ಸರಣಿಯ ಹೊತ್ತಿಗೇ ಬಿಟ್ಟುಹೋಗಬೇಕೆನಿಸಿತ್ತು, ರಕ್ಷಣೆಗೆ ಏನೂ ಏರ್ಪಾಡಿರಲಿಲ್ಲ ಎಂದು ಅವಳು ಆಮೇಲೆ ಹೇಳಿಕೊಂಡಳು. ಆದರೂ ಅವಳು 2023ರಲ್ಲಿ ಧಾರಾವಾಹಿ ಮುಗಿಯುವವರೆಗೂ ನಿಂತಳು.

ಹಾಗಾದರೆ ಕಪ್ಪು ನಟಿಯ ಪಾತ್ರವನ್ನು ಟೀಕಿಸಲೇಬಾರದೇ? ಖಂಡಿತ ಟೀಕಿಸಿ. ಎಲ್ಲ ಪಾತ್ರವೂ ಎಲ್ಲರಿಗೂ ಹಿಡಿಸಬೇಕೆಂಬ ಶಾಸನವಿಲ್ಲ. 'ಡಿಸ್ಕವರಿ'ಯ ಕೆಲವು ಕಂತುಗಳ ಕಥೆ ನನಗೂ ಸಪ್ಪೆ ಎನಿಸಿದೆ. ನಾನು ಕೇಳುವುದು ಒಂದೇ: ಉತ್ತರಪತ್ರಿಕೆ ತಿದ್ದುವಾಗ ಹೆಸರು ಮುಚ್ಚಿ ತಿದ್ದಿ. ಇದೇ ತಪ್ಪನ್ನು ಬಿಳಿಯ ಗಂಡಸು ಮಾಡಿದ್ದರೆ ನಾನು ಎಷ್ಟು ಅಂಕ ಕಳೆಯುತ್ತಿದ್ದೆ ಎಂದು ಕೇಳಿಕೊಳ್ಳಿ. ಅಷ್ಟೇ ಕಳೆಯಿರಿ, ಒಂದು ಅಂಕವೂ ಹೆಚ್ಚಿಗೆ ಬೇಡ.

ಇದು ದೂರದವರ ಜಗಳ ಎಂದು ಕಾಲು ಚಾಚಿ ಕೂರುವ ಹಾಗೆಯೂ ಇಲ್ಲ. 1979ರಲ್ಲಿ ಸ್ಟಾರ್ ಟ್ರೆಕ್‌ನ ಮೊದಲ ಸಿನಿಮಾಕ್ಕೆ ಮುಂಬಯಿಯ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ಪರಗ್ರಹದ ಹೆಣ್ಣಾದಳು. ಭಾರತದ ಹೆಂಗಸಿಗೆ ಭಾರತದವಳಾಗಿಯೇ ಆ ಹಡಗಿನಲ್ಲಿ ಜಾಗವಿರಲಿಲ್ಲ. 2018ರಲ್ಲಿ 'ಡಾಕ್ಟರ್ ಹೂ'ದಲ್ಲಿ ಯಾಸ್ಮಿನ್ ಖಾನ್ ಎಂಬ ಹುಡುಗಿ 1947ರ ಪಂಜಾಬಿಗೆ ಹೋಗಿ, ದೇಶ ಒಡೆಯುವ ಹೊತ್ತಿನಲ್ಲಿ ತನ್ನ ಅಜ್ಜಿಯ ಮದುವೆಯನ್ನು ನೋಡುತ್ತಾಳೆ. ವಿನಯ್ ಪಟೇಲ್ ಬರೆದ ಆ ಕಥೆಯನ್ನು ನನ್ನ ಏಳನೆಯ ತರಗತಿಯ ಮಕ್ಕಳಿಗೆ ಬಾಯಲ್ಲಿ ಹೇಳಿದಾಗ ಗದ್ದಲದ ತರಗತಿ ಗಪ್‌ಚಿಪ್ಪಾಯಿತು. ನಮ್ಮ ಅಜ್ಜಿಯರ ಕಥೆಗೂ ಆಕಾಶದಲ್ಲಿ ಜಾಗವುಂಟೆಂದು ಅವರಿಗೆ ಅನಿಸಿರಬೇಕು.

ಆದರೆ ಅದೇ ಮಕ್ಕಳು ಮನೆಗೆ ಹೋದರೆ ಕೇಳಿಸುವುದೇನು? 1975ರಿಂದ ನಮ್ಮ ಹುಡುಗಿಯರ ಮುಖಕ್ಕೆ ಬಳಿದ 'ಫೇರ್ ಅಂಡ್ ಲವ್ಲಿ' ಕ್ರೀಮು 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಡಬ್ಬಿಯ ಮೇಲೆ ಹೆಸರು ಬದಲಾದ ಮಾತ್ರಕ್ಕೆ ಹೆಣ್ಣು ನೋಡಲು ಬಂದವರ ಕಣ್ಣು ಬದಲಾಯಿತೇ? ವಾರ್ಷಿಕೋತ್ಸವದ ನಾಟಕದಲ್ಲಿ ಬೆಳ್ಳಗಿರುವವಳಿಗೆ ಸೀತೆ, ಕಪ್ಪಗಿರುವವಳಿಗೆ ಶೂರ್ಪನಖಿ ಎಂದು ಪಾತ್ರ ಹಂಚುವ ಶಾಲೆಗಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅಂಥ ಮನೆ, ಅಂಥ ಶಾಲೆಯಲ್ಲಿ ಬೆಳೆದ ಮಗು ಫೋನಿನಲ್ಲಿ ಕಪ್ಪು ನಾಯಕಿಯನ್ನು ಕಂಡಾಗ, "ಯಾಕೋ ಇಷ್ಟ ಆಗ್ಲಿಲ್ಲ" ಅಂದರೆ ಆ 'ಯಾಕೋ' ಎಲ್ಲಿಂದ ಬಂತೆಂದು ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ಅದಕ್ಕೇ ಹೇಳುತ್ತೇನೆ, ಮಕ್ಕಳು ಏನು ನೋಡುತ್ತಾರೋ ಅದನ್ನು ಒಂದರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿ. ಇಂಗ್ಲಿಷ್ ತಿಳಿಯದಿದ್ದರೆ ಅವರನ್ನೇ ಕೇಳಿ, ಹೇಳುವುದು ಅವರಿಗೂ ಹೆಮ್ಮೆ. ಯಾರಿಗೆ ಹೆಸರಿದೆ, ಯಾರಿಗೆ ಇಲ್ಲ? ಯಾರು ಆಜ್ಞೆ ಮಾಡುತ್ತಾರೆ, ಯಾರು ನೆಲ ಒರೆಸುತ್ತಾರೆ? ಯಾರ ಕಣ್ಣೀರಿಗೆ ಬೆಲೆ, ಯಾರದಕ್ಕೆ ನಗು? ಇಷ್ಟು ಕೇಳಿ ಸಾಕು, ಉಪದೇಶ ಬೇಡ. "ಯಾರಿಗೂ ಇಷ್ಟ ಇಲ್ಲ" ಎಂದು ಮಗು ಅಂದರೆ, ನೋಡಿ ಹೇಳುತ್ತಿದ್ದೀಯೋ ಕೇಳಿ ಹೇಳುತ್ತಿದ್ದೀಯೋ ಎಂದು ವಿಚಾರಿಸಿ.

ನಿಶೆಲ್ ನಿಕೋಲ್ಸ್ 2022ರ ಜುಲೈ 30ರಂದು, 89ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅದೇ ವರ್ಷ ಶುರುವಾದ ಇನ್ನೊಂದು ಸ್ಟಾರ್ ಟ್ರೆಕ್‌ನಲ್ಲಿ ಸೀಲಿಯಾ ರೋಸ್ ಗುಡಿಂಗ್ ಎಂಬ ತರುಣಿ ಉಹುರಾಳಾಗಿದ್ದಾಳೆ. ಈ ಉಹುರಾಗೆ ಹೆಸರಿದೆ, ಊರಿದೆ, ಕಳೆದುಕೊಂಡ ಅಪ್ಪ ಅಮ್ಮನ ದುಃಖವಿದೆ. ಇಷ್ಟನ್ನು ಪಡೆಯಲು ಒಂದು ಪಾತ್ರಕ್ಕೆ ಐವತ್ತಾರು ವರ್ಷ ಬೇಕಾಯಿತು. ನಮ್ಮ ಹುಡುಗಿಯರಿಗೆ ಅಷ್ಟು ಕಾಯಲು ಪುರುಸೊತ್ತಿಲ್ಲ.